ಕರಾರಿಗೆ ಸಹಿ ಹಾಕುವ ಮುನ್ನ
(ಪುಸ್ತಕ ಪ್ರಕಟಣೆಯ ಇತಿಹಾಸದಿಂದ ಕೆಲವು ಪಾಠಗಳು)

ಕಳೆದ ತಿಂಗಳು ಘಣಸೋಲಿ ನಿಲ್ದಾಣದಲ್ಲಿ ಠಾಣೆಯ ಗಾಡಿಗಾಗಿ ಕಾಯುತ್ತಿದ್ದಾಗ ನಮ್ಮ ಸಂಘದ ಮಹಿಳಾ ವಿಭಾಗದ ಅಕ್ಕನೊಬ್ಬರು ಸಂಭ್ರಮದಿಂದ ಒಂದು ಕಾಗದವನ್ನು ನನ್ನ ಕೈಗಿತ್ತರು. ಇಪ್ಪತ್ತು ವರ್ಷಗಳಿಂದ ಬರೆದಿಟ್ಟ ಅವರ ಕಥೆಗಳನ್ನು ಊರ ಕಡೆಯ ಪ್ರಕಾಶಕರೊಬ್ಬರು ‘ಸಂತೋಷದಿಂದ ಸ್ವೀಕರಿಸಿದ್ದಾರೆ’ ಎಂದು ಅದರಲ್ಲಿತ್ತು. ಕೆಳಗೆ ಸಣ್ಣ ಅಕ್ಷರಗಳಲ್ಲಿ, ಪುಸ್ತಕದ ವೆಚ್ಚಕ್ಕೆಂದು ಲೇಖಕರು ಕಳುಹಿಸಬೇಕಾದ ಮೊತ್ತವೂ ಇತ್ತು. “ನೀವು ಆಫೀಸಿನಲ್ಲಿ ದಿನಾ ಫೈಲು ನೋಡುವವರು. ಸಹಿ ಹಾಕಬಹುದಾ ಹೇಳಿ,” ಎಂದರು.

ನಾನು ಒಡನೆ ಉತ್ತರ ಕೊಡಲಿಲ್ಲ. ಹಾಗೆ ತಡವರಿಸಲು ನನ್ನ ಮನೆಯಲ್ಲೇ ಒಂದು ಕಾರಣವಿದೆ; ಅದನ್ನು ಮುಂದೆ ಹೇಳುತ್ತೇನೆ. ಬಿ.ಎಸ್‌ಸಿ. ಓದಿ ಗುಮಾಸ್ತನಾದ ನಾನು ಸಾಹಿತ್ಯದ ಪಂಡಿತನಲ್ಲ. ಆದರೆ ಲೇಖಕ ಮತ್ತು ಪ್ರಕಾಶಕರ ನಡುವಿನ ಲೆಕ್ಕಾಚಾರದ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಿದರೆ, ಇಂದಿನ ಅನೇಕ ಮೋಸಗಳ ಲಕ್ಷಣಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಆ ಪ್ರಯತ್ನವೇ ಈ ಲೇಖನ.

ಇಂಗ್ಲೆಂಡಿನ ಮಹಾಕವಿ ಮಿಲ್ಟನ್ನನು ‘ಪ್ಯಾರಡೈಸ್ ಲಾಸ್ಟ್’ ಕಾವ್ಯಕ್ಕಾಗಿ ಸ್ಯಾಮ್ಯುಯೆಲ್ ಸಿಮನ್ಸ್ ಎಂಬ ಮುದ್ರಕನೊಡನೆ 1667ರ ಏಪ್ರಿಲ್ 27ರಂದು ಮಾಡಿಕೊಂಡ ಕರಾರು ಇಂದಿಗೂ ಉಳಿದಿದೆ. ಕವಿಗೆ ಕೈಯಲ್ಲಿ ಐದು ಪೌಂಡು. 1300 ಪ್ರತಿಗಳು ಮಾರಾಟವಾದಾಗ ಮತ್ತೆ ಐದು. ಮುಂದಿನ ಎರಡು ಮುದ್ರಣಗಳಿಗೂ ಅದೇ ಕ್ರಮ. ಒಂದು ಮುದ್ರಣ 1500 ಪ್ರತಿಗಳನ್ನು ಮೀರಬಾರದು. 1680ರಲ್ಲಿ ಅವನ ವಿಧವೆ ಉಳಿದ ಹಕ್ಕನ್ನೆಲ್ಲ ಎಂಟು ಪೌಂಡಿಗೆ ಬಿಟ್ಟುಕೊಟ್ಟಳು. ಇಷ್ಟು ಅಲ್ಪ ಹಣವೇ ಎಂದು ನಾವು ಮರುಗುತ್ತೇವೆ. ಆದರೆ ನಾನು ಮೆಚ್ಚುವುದು ಬೇರೆಯದನ್ನು. ಮಿಲ್ಟನ್ ಕೇಳಿದಾಗ ಮಾರಾಟದ ಲೆಕ್ಕವನ್ನು ಪ್ರಮಾಣಪೂರ್ವಕವಾಗಿ ಕೊಡಬೇಕು, ಕೊಡದಿದ್ದರೆ ಐದು ಪೌಂಡು ತೆರಬೇಕು ಎಂಬ ಷರತ್ತೂ ಅದರಲ್ಲಿತ್ತು. ಕಣ್ಣು ಕಾಣದ ಕವಿಯು ಮೂರೂವರೆ ಶತಮಾನಗಳ ಹಿಂದೆ ಕೇಳಿ ಪಡೆದ ಈ ಲೆಕ್ಕದ ಹಕ್ಕನ್ನು ಕಣ್ಣಿರುವ ನಾವು ಇಂದು ಕೇಳುವುದೇ ಇಲ್ಲ.

ಪ್ರಕಾಶಕನ ಆರ್ಥಿಕ ಸ್ಥಿತಿಯನ್ನು ತಿಳಿಯದಿದ್ದರೆ ಏನಾಗುತ್ತದೆಂಬುದಕ್ಕೆ ಸರ್ ವಾಲ್ಟರ್ ಸ್ಕಾಟ್ ಸಾಕ್ಷಿ. 1826ರಲ್ಲಿ ಅವನ ಪ್ರಕಾಶಕರಾದ ಕಾನ್‌ಸ್ಟೆಬಲ್ ಸಂಸ್ಥೆ ಮುಳುಗಿತು. ಅದರೊಂದಿಗೆ, ಅವನು ಗುಟ್ಟಾಗಿ ಪಾಲುದಾರನಾಗಿದ್ದ ಮುದ್ರಣಾಲಯವೂ ಮುಳುಗಿತು. ಲಕ್ಷ ಪೌಂಡಿಗೂ ಮಿಕ್ಕಿದ ಸಾಲವನ್ನು ತೀರಿಸಲು ಅವನು 1832ರಲ್ಲಿ ಸಾಯುವ ತನಕ ಬರೆಯುತ್ತಲೇ ಇರಬೇಕಾಯಿತು.

ಇನ್ನು ನಮ್ಮ ನಾಡಿಗೆ ಬರೋಣ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯವು 1841ರಲ್ಲಿ ಆರಂಭವಾಯಿತು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಬಂತು. ಆ ಕಾಲದ ಅಚ್ಚಿನ ಕಥೆಯನ್ನು ತಿಳಿಯಬಯಸುವವರು 1974ರಲ್ಲಿ ಪ್ರಕಟವಾದ ಡಾ. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ವನ್ನು ಓದಬೇಕು. ಹಾವನೂರರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಗ್ರಂಥಾಲಯದಲ್ಲಿ ಸೇವೆ ಸಲ್ಲಿಸಿದವರೆಂಬುದು ನಮಗೆಲ್ಲ ಹೆಮ್ಮೆಯ ವಿಷಯ.

ಆಗ ಲೇಖಕನಿಗೆ ಹಣವಿರಲಿ, ಹೆಸರೇ ದಕ್ಕದಿದ್ದ ಉದಾಹರಣೆಯೂ ಉಂಟು. ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ನಮ್ಮ ಮುದ್ದಣ, ತನ್ನ ಕೃತಿಗಳನ್ನು ಯಾರೋ ಹಳೆಯ ಕವಿಯ ರಚನೆಗಳೆಂಬಂತೆ ಮೈಸೂರಿನ ಕಾವ್ಯಮಾಲಿಕೆಗೆ ಕಳುಹಿಸಿದನು. 1901ರಲ್ಲಿ, ಇನ್ನೂ ಚಿಕ್ಕ ಪ್ರಾಯದಲ್ಲೇ, ಕ್ಷಯಕ್ಕೆ ಬಲಿಯಾದನು. ಅವನೇ ಕವಿಯೆಂಬುದು ಲೋಕಕ್ಕೆ ಸ್ಥಿರಪಟ್ಟದ್ದು ಅವನು ತೀರಿಹೋದ ಎಷ್ಟೋ ವರ್ಷಗಳ ಮೇಲೆ. ಅದು ಅವನಾಗಿಯೇ ಆರಿಸಿಕೊಂಡ ಅಜ್ಞಾತವಾಸ, ಪ್ರಕಾಶಕರ ತಪ್ಪಲ್ಲ. ಆದರೂ ಕಾಗದದ ಮೇಲೆ ಇಲ್ಲದ ಹೆಸರಿಗೆ ಯಾವ ಕಾನೂನೂ ಕಾವಲು ನಿಲ್ಲುವುದಿಲ್ಲ.

ಅನಂತರ ಬಂದವರು ಗಳಗನಾಥರು (1869–1942). ತಾವೇ ಬರೆದು, ಅಚ್ಚು ಹಾಕಿಸಿ, ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದ ಪುಣ್ಯಾತ್ಮರು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಗೆಳೆಯರೊಡನೆ ಮನೋಹರ ಗ್ರಂಥಮಾಲೆಯನ್ನು ಕಟ್ಟಿದರು. ಓದುಗರೇ ವರ್ಷಕ್ಕೆ ಚಂದಾ ಕೊಟ್ಟು ಪುಸ್ತಕಗಳನ್ನು ಪಡೆಯುವ ಏರ್ಪಾಡು ಅದು. ಚಂದಾದಾರರ ನಂಬಿಕೆಯ ಬಲದಿಂದಲೇ ಆ ‘ಅಟ್ಟ’ದಿಂದ ಎಷ್ಟೋ ಹೊಸ ಲೇಖಕರು ಬೆಳಕಿಗೆ ಬಂದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನಿಟ್ಟು ಕೈಸುಟ್ಟುಕೊಂಡರೂ ಎದೆಗುಂದಲಿಲ್ಲ. ಕುವೆಂಪು ಅವರ ಕೃತಿಗಳು ಅವರ ಮನೆಯ ಹೆಸರನ್ನೇ ಹೊತ್ತ ‘ಉದಯರವಿ’ ಪ್ರಕಾಶನದಿಂದ ಹೊರಬಂದವು.

ಓದುಗರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಮನೋಹರ ಗ್ರಂಥಮಾಲೆಗೆ ಹಣ ಬಂದದ್ದು ಓದುಗನಿಂದ. ಗಳಗನಾಥರೂ ಕಾರಂತರೂ ತಮ್ಮ ಹಣ ಹಾಕಿದರು ನಿಜ. ಆದರೆ ಪುಸ್ತಕಗಳೂ ಹಕ್ಕೂ ಅವರ ಬಳಿಯೇ ಉಳಿದವು. ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡುವುದು ಕನ್ನಡದಲ್ಲಿ ಎಂದೂ ಅವಮಾನದ ಕೆಲಸವಾಗಿರಲಿಲ್ಲ. ಹಣ ಲೇಖಕನದು, ಹಕ್ಕು ಮತ್ತು ಪ್ರತಿಗಳು ಮಾತ್ರ ಬೇರೆಯವರದು ಎಂಬ ಮೂರನೆಯ ವಿಧವೇ ಅಪಾಯದ್ದು.

ಈ ಮೂರನೆಯ ವಿಧ ಏಕೆ ಹೆಚ್ಚಿತು? ಹಿಂದೆ ಮೊಳೆ ಜೋಡಿಸಿ ಅಚ್ಚು ಹಾಕುವಾಗ ಐವತ್ತು ಪ್ರತಿ ತೆಗೆಯುವುದು ನಷ್ಟದ ಮಾತು. ಸಾವಿರವಾದರೂ ತೆಗೆಯಬೇಕು, ತೆಗೆದ ಮೇಲೆ ಮಾರಲೇಬೇಕು. ಈಗಿನ ಡಿಜಿಟಲ್ ಮುದ್ರಣದಲ್ಲಿ ಐವತ್ತನ್ನಷ್ಟೇ ತೆಗೆದು, ಐನೂರು ತೆಗೆದೆವೆಂದು ಹೇಳಬಹುದು. ಇದರ ಜೊತೆಗೆ, ಕರ್ನಾಟಕ ಸರಕಾರದ ಗ್ರಂಥಾಲಯ ಇಲಾಖೆ ಆಯ್ಕೆ ಮಾಡಿದ ಪುಸ್ತಕಗಳ ಪ್ರತಿಗಳನ್ನು ಸಗಟಾಗಿ ಕೊಳ್ಳುವ ಯೋಜನೆಯೊಂದಿದೆ. ಅನೇಕ ಸಣ್ಣ ಪ್ರಕಾಶಕರ ಉಸಿರು ಅದು. ಆ ಹಣ ತಡವಾದರೆ ಪ್ರಾಮಾಣಿಕ ಪ್ರಕಾಶಕನೂ ಲೇಖಕನಿಗೆ ಮುಖ ತಪ್ಪಿಸುತ್ತಾನೆ. ಆದುದರಿಂದ ಸಣ್ಣ ಪ್ರಕಾಶಕರೆಲ್ಲ ಮೋಸಗಾರರೆಂದು ಖಂಡಿತ ತಿಳಿಯಬಾರದು. ಕನ್ನಡವನ್ನು ಉಳಿಸಿದವರೇ ಸಣ್ಣವರು.

ಈಗ ನನ್ನ ಮನೆಯ ಕಥೆ. ನನ್ನ ತಂದೆಯವರು ಹದಿಮೂರನೆಯ ವಯಸ್ಸಿಗೆ ಉಡುಪಿಯ ಕಡೆಯಿಂದ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತವರು. ನಿವೃತ್ತರಾದ ಮೇಲೆ ಆ ದಿನಗಳ ನೆನಪುಗಳನ್ನು ಮೂರು ನೋಟುಬುಕ್ಕುಗಳಲ್ಲಿ ಬರೆದರು. 2017ರಲ್ಲಿ ಒಬ್ಬ ಪ್ರಕಾಶಕರು ಮುಂದೆ ಬಂದರು. ನಲವತ್ತೈದು ಸಾವಿರ ರೂಪಾಯಿ, ಐನೂರು ಪ್ರತಿ ಎಂದು ಬಾಯಿಮಾತಿನಲ್ಲಿ ಒಪ್ಪಂದವಾಯಿತು. ಕರಾರು ಒಂದೇ ಪುಟದ್ದು. ‘ಸರ್ವ ಹಕ್ಕುಗಳೂ ಪ್ರಕಾಶಕರವು’ ಎಂದಿತ್ತೇ ಹೊರತು ಪ್ರತಿಗಳ ಸಂಖ್ಯೆ, ಅವಧಿ, ಲೆಕ್ಕ, ಯಾವುದೂ ಇರಲಿಲ್ಲ. ಆಫೀಸಿನಲ್ಲಿ ಪ್ರತಿಯೊಂದು ಅಲ್ಪವಿರಾಮವನ್ನೂ ನೋಡುವ ನಾನು, ಅಪ್ಪನ ಸಂತೋಷ ಕೆಡಬಾರದೆಂದು ಓದದೆಯೇ ಸಾಕ್ಷಿಯ ಸಹಿ ಹಾಕಿದೆ. ಮೂಲ ನೋಟುಬುಕ್ಕುಗಳನ್ನೇ ಅಂಚೆಯಲ್ಲಿ ಕಳುಹಿಸಿದೆವು. ನಕಲು ಮಾಡಿಸಿಕೊಳ್ಳಲಿಲ್ಲ.

ಅರವತ್ತು ಪ್ರತಿಗಳು ಬಂದವು. ರಾತ್ರಿಶಾಲೆಯ ಮಾಸ್ತರರನ್ನು ಕುರಿತ ಒಂದು ಅಧ್ಯಾಯವೇ ಪುಸ್ತಕದಲ್ಲಿರಲಿಲ್ಲ. ಕೇಳಿದರೆ ಪುಟ ಹೆಚ್ಚಾಯಿತೆಂಬ ಉತ್ತರ. ಉಳಿದ ಪ್ರತಿಗಳು ಗೋದಾಮಿನಲ್ಲಿವೆ ಎಂದರು. ಬರಬರುತ್ತಾ ಫೋನು ಎತ್ತುವುದನ್ನೇ ಬಿಟ್ಟರು. “ಉಳಿದ ಪುಸ್ತಕ ಯಾವಾಗ ಬರ್ತದೆ ಮಗಾ?” ಎಂದು ತಂದೆಯವರು ತಿಂಗಳಿಗೊಮ್ಮೆ ಕೇಳುತ್ತಿದ್ದರು. 2019ರಲ್ಲಿ ಅವರು ತೀರಿಕೊಂಡರು. ಹಣ ಹೋದುದು ಮರೆತುಹೋಗಿದೆ. ಅವರ ಕೈಬರಹದ ನೋಟುಬುಕ್ಕುಗಳು, ಆ ಮಾಸ್ತರರ ಅಧ್ಯಾಯದೊಂದಿಗೆ, ಇಂದಿಗೂ ನಮ್ಮ ಕೈ ಸೇರಿಲ್ಲ.

ಆಮೇಲೆ ನಾನು ಕಾನೂನು ಓದಿದೆ. ಭಾರತದಲ್ಲಿ ಗ್ರಂಥಸ್ವಾಮ್ಯದ ಕಾಯಿದೆ 1847ರಲ್ಲಿ ಕಂಪೆನಿ ಸರಕಾರದ ಕಾಲದಲ್ಲೇ ಬಂತು, 1914ರಲ್ಲಿ ಇನ್ನೊಂದು, ಈಗಿರುವುದು 1957ರದು, ಅನೇಕ ತಿದ್ದುಪಡಿಗಳೊಡನೆ. ಅದರ 19ನೆಯ ಕಲಮು ಲೇಖಕರಿಗೆ ಆಪದ್ಬಾಂಧವ. ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿಯಾಗಿರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ರಾಯಲ್ಟಿ ಎಂಬುದನ್ನು ಅದರಲ್ಲಿ ಕಾಣಿಸಬೇಕು. ಅವಧಿಯನ್ನು ಬರೆಯದಿದ್ದರೆ ಐದೇ ವರ್ಷ. ಪ್ರದೇಶವನ್ನು ಬರೆಯದಿದ್ದರೆ ಭಾರತದ ಮಟ್ಟಿಗೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದಲ್ಲಿ, ಅದು ಬಿದ್ದುಹೋಗುತ್ತದೆ. ನಮ್ಮ ಕರಾರಿನಲ್ಲಿ ಅವಧಿ ಇರಲಿಲ್ಲವಷ್ಟೆ. ಹೀಗಾಗಿ 2022ರಲ್ಲಿ ಹಕ್ಕು ನಮ್ಮ ಮನೆಗೆ ಮರಳಿತು. ಲೇಖಕನು ಕಾಲವಾದ ಮೇಲೂ ಅರವತ್ತು ವರ್ಷ ಹಕ್ಕು ಉಳಿಯುವುದರಿಂದ ತಂದೆಯವರ ಪುಸ್ತಕ 2079ರ ಕೊನೆಯವರೆಗೆ ಕುಟುಂಬದ್ದೇ. ಅಚ್ಚಾದ ಪ್ರತಿಯೊಂದನ್ನು ಮತ್ತೆ ಟೈಪು ಮಾಡಿಸಿ ನಾವೇ ಇನ್ನೂರು ಪ್ರತಿ ಹಾಕಿಸಿದೆವು.

ಇಷ್ಟೆಲ್ಲದರಿಂದ ನಾನು ಕಂಡುಕೊಂಡ ಲಕ್ಷಣಗಳು ಇವು. ಹಸ್ತಪ್ರತಿ ತಲುಪಿದ ಎರಡೇ ದಿನದಲ್ಲಿ ಹೊಗಳಿಕೆಯ ಪತ್ರ ಬಂದರೆ ಅವರು ಓದಿಲ್ಲವೆಂದೇ ತಿಳಿಯಿರಿ. ಈ ವಾರವೇ ಹಣ ಕಳುಹಿಸಿ ಎಂದು ಅವಸರ ಮಾಡಿದರೆ ನಿಲ್ಲಿ. ಐ.ಎಸ್.ಬಿ.ಎನ್. ಸಂಖ್ಯೆಗೆಂದು ಶುಲ್ಕ ಕೇಳಿದರೆ ಎಚ್ಚರ. ಕೇಂದ್ರ ಸರಕಾರದ ರಾಜಾ ರಾಮಮೋಹನ ರಾಯ್ ಸಂಸ್ಥೆ ಅದನ್ನು ಪುಕ್ಕಟೆ ಕೊಡುತ್ತದೆ, ಲೇಖಕರೂ ನೇರವಾಗಿ ಪಡೆಯಬಹುದು. ಪ್ರತಿಗಳ ಸಂಖ್ಯೆಯನ್ನು ಬರಹದಲ್ಲಿ ಕೊಡಲು ಹಿಂಜರಿಯುವವರು ಮುಂದೆ ಲೆಕ್ಕ ಕೊಡುವುದಿಲ್ಲ. ಎಲ್ಲ ಭಾಷೆಗಳ ಅನುವಾದ, ಸಿನಿಮಾ, ಧ್ವನಿಪುಸ್ತಕಗಳ ಹಕ್ಕನ್ನೂ ಎಂದೆಂದಿಗೂ ಬೇಡುವ ಸಣ್ಣ ಸಂಸ್ಥೆ ಅವುಗಳಿಂದ ಏನು ಮಾಡಬಲ್ಲದೆಂದು ಕೇಳಿ. ಅವರ ಹಿಂದಿನ ಇಬ್ಬರು ಲೇಖಕರನ್ನು ಮಾತನಾಡಿಸಿ. ಪುಸ್ತಕದಂಗಡಿಯಲ್ಲಿ ಅವರ ಹಳೆಯ ಪುಸ್ತಕ ಸಿಗುತ್ತದೆಯೇ ನೋಡಿ. 1954ರ ಕಾಯಿದೆಯ ಪ್ರಕಾರ ಪ್ರಕಾಶಕರು ಪ್ರತಿ ಪುಸ್ತಕವನ್ನೂ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳುಹಿಸಬೇಕು. ಕಳುಹಿಸುತ್ತೀರಾ ಎಂದು ಕೇಳಿದರೆ, ಕಸುಬು ಬಲ್ಲವರು ಥಟ್ಟನೆ ಉತ್ತರಿಸುತ್ತಾರೆ. ಮೂಲಪ್ರತಿಯನ್ನು ಮಾತ್ರ ಯಾರಿಗೂ, ದೇವರಂಥ ಪ್ರಕಾಶಕನಿಗೂ, ಕಳುಹಿಸಬೇಡಿ.

ಕಡಿಮೆ ಹಣವಿರುವ ಹೊಸ ಲೇಖಕರಿಗೆ ದಾರಿಗಳಿಲ್ಲವೆಂದಲ್ಲ. 1993ರಲ್ಲಿ ಸ್ಥಾಪಿತವಾದ ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಸಹಾಯಧನದ ಯೋಜನೆ ನಡೆಸಿಕೊಂಡು ಬಂದಿದೆ. ಹತ್ತು ಮಂದಿ ಗೆಳೆಯರು ಮುಂಗಡ ಕೊಟ್ಟರೆ ಜೋಶಿಯವರ ಚಂದಾ ಪದ್ಧತಿಯನ್ನು ಈ ಊರಿನಲ್ಲೂ ಮಾಡಬಹುದು.

ಆ ಅಕ್ಕನವರು ಸಹಿ ಹಾಕಲಿಲ್ಲ, ಬೇಡವೆಂದೂ ಬರೆಯಲಿಲ್ಲ. ಎಷ್ಟು ಪ್ರತಿ, ಎಷ್ಟು ವರ್ಷ, ಲೆಕ್ಕ ಯಾವಾಗ, ಉಳಿದ ಪ್ರತಿಗಳು ಯಾರಿಗೆ ಎಂಬ ನಾಲ್ಕು ಪ್ರಶ್ನೆಗಳನ್ನು ವಿನಯದಿಂದ ಬರೆದು ಕಳುಹಿಸಿದ್ದಾರೆ. ಒಳ್ಳೆಯ ಉತ್ತರ ಬಂದರೆ ಅವರ ಕಥಾಸಂಗ್ರಹ ನಮ್ಮ ಸಂಘದಲ್ಲೇ ಬಿಡುಗಡೆಯಾಗಲಿ. ಬಾರದಿದ್ದರೆ ಅವರ ಕಥೆಗಳು ಅವರ ಕಪಾಟಿನಲ್ಲೇ ಭದ್ರವಾಗಿರುತ್ತವೆ. ನನ್ನ ತಂದೆಯವರ ನೋಟುಬುಕ್ಕುಗಳಿಗೆ ಆ ಭಾಗ್ಯವಿರಲಿಲ್ಲ.