ಮರಾಠಾ ಲೈಟ್ ಇನ್ಫಂಟ್ರಿ ಬ್ಯಾಡ್ಜ್‌ನಲ್ಲಿರುವುದು ಶಿವಾಜಿ ಮಹಾರಾಜರ ಕಾಲದ ತುತಾರಿಯೇ? ಆ ಕೊಂಬಿನ ನಿಜವಾದ ಕತೆ ಇಲ್ಲಿದೆ

ಬೆಳಗಾವಿಯ ಕ್ಯಾಂಪ್ ಕಡೆ ಹೋದವರಿಗೆ ಈ ಚಿಹ್ನೆ ಹೊಸದಲ್ಲ. ಒಂದು ಕೊಂಬು, ಅಡ್ಡಹಾಕಿದ ಎರಡು ಕತ್ತಿ, ಗುರಾಣಿ, ಮೇಲೆ ಅಶೋಕ ಸಿಂಹ. ಇದು ಮರಾಠಾ ಲೈಟ್ ಇನ್ಫಂಟ್ರಿಯ ಲಾಂಛನ. ಈ ರೆಜಿಮೆಂಟ್‌ನ ಕೇಂದ್ರ ಇರುವುದು ಬೆಳಗಾವಿಯಲ್ಲೇ. ಹೆಸರಿನಲ್ಲಿ 'ಮರಾಠಾ' ಇರುವುದರಿಂದ, ಆ ಕೊಂಬು ಶಿವಾಜಿ ಮಹಾರಾಜರ ಸೈನ್ಯ ಊದುತ್ತಿದ್ದ ತುತಾರಿಯೇ ಇರಬೇಕು ಎಂದು ಅನಿಸುವುದು ಸಹಜ. ಆದರೆ ಅದು ನಿಜವೇ?

ಚಿಕ್ಕ ಉತ್ತರ: ಅಲ್ಲ. ಅದು ಬ್ಯೂಗಲ್. ಶಿವಾಜಿ ಮಹಾರಾಜರೊಂದಿಗೆ ಈ ರೆಜಿಮೆಂಟ್‌ಗೆ ನಂಟು ಇರುವುದು ನಿಜ, ಆದರೆ ಅದು ಇರುವುದು ಬೇರೆ ಕಡೆ.

ಕೊಂಬು ಬಂದದ್ದು ಎಲ್ಲಿಂದ?

ಉತ್ತರ 'ಲೈಟ್ ಇನ್ಫಂಟ್ರಿ' ಎಂಬ ಹೆಸರಿನಲ್ಲೇ ಇದೆ. 18ನೇ ಶತಮಾನದಲ್ಲಿ ಯುರೋಪಿನ ಕಾಲಾಳುಗಳು ಸಾಲುಸಾಲಾಗಿ, ಭುಜಕ್ಕೆ ಭುಜ ತಾಗುವಂತೆ ನಿಂತು ಹೋರಾಡುತ್ತಿದ್ದರು. ಅವರಿಗೆ ಆದೇಶ ತಲುಪುತ್ತಿದ್ದುದು ನಗಾರಿಯ ಬಡಿತದಿಂದ. ಲೈಟ್ ಇನ್ಫಂಟ್ರಿಯವರ ಕೆಲಸ ಬೇರೆ. ಅವರು ಮುಖ್ಯ ಸೈನ್ಯಕ್ಕಿಂತ ಮುಂದೆ ಹೋಗಿ, ಮರ, ಬಂಡೆ, ಪೊದೆಗಳ ಮರೆಯಲ್ಲಿ ಚದುರಿ ನಿಂತು ಶತ್ರುವನ್ನು ಕಾಡಬೇಕಿತ್ತು. ಹೊಟ್ಟೆಗೆ ನಗಾರಿ ಕಟ್ಟಿಕೊಂಡು ಪೊದೆಯಲ್ಲಿ ಓಡಲು ಆಗುತ್ತದೆಯೇ?

ಜರ್ಮನ್ ಸೈನ್ಯಗಳು ಈ ಕೆಲಸಕ್ಕೆ ಬೇಟೆಗಾರರನ್ನೂ ಅರಣ್ಯ ಕಾವಲುಗಾರರನ್ನೂ ಸೇರಿಸಿಕೊಂಡವು. ಅಂಥ ಸೈನಿಕರ ಹೆಸರೇ 'ಯೇಗರ್', ಅಂದರೆ ಬೇಟೆಗಾರ. ಕಾಡಿನಲ್ಲಿ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಲು ಬಳಸುತ್ತಿದ್ದ ಕೊಂಬು ಅವರ ಜೊತೆಗೇ ಸೈನ್ಯಕ್ಕೆ ಬಂತು. ಬೇರೆ ದೇಶಗಳೂ ಇದನ್ನು ಅನುಸರಿಸಿದವು.

ಬ್ಯೂಗಲ್‌ಗೆ ಒತ್ತುವ ಗುಂಡಿಗಳಿಲ್ಲ. ತುಟಿಯ ಬಿಗಿ, ಉಸಿರಿನ ಒತ್ತಡ ಬದಲಿಸಿದರೆ ಕೆಲವೇ ಸ್ವರಗಳು ಹೊರಡುತ್ತವೆ. ಆ ನಾಲ್ಕೈದು ಸ್ವರಗಳನ್ನೇ ಬೇರೆಬೇರೆ ರೀತಿ ಜೋಡಿಸಿ 'ಮುನ್ನಡೆ', 'ನಿಲ್ಲು', 'ಹಿಂದಕ್ಕೆ ಬಾ' ಎಂಬ ಸೂಚನೆ ಕೊಡುತ್ತಿದ್ದರು. ಒಂದು ರೀತಿಯಲ್ಲಿ ಅದು ಆ ಕಾಲದ ವೈರ್‌ಲೆಸ್.

ಅದಕ್ಕೇ ಈ ಕೊಂಬು ಮರಾಠಾ ರೆಜಿಮೆಂಟ್ ಒಂದರದ್ದೇ ಅಲ್ಲ. ನಮ್ಮದೇ ರಾಜಪುತಾನಾ ರೈಫಲ್ಸ್ ಲಾಂಛನದಲ್ಲೂ ಬ್ಯೂಗಲ್ ಇದೆ. ಫ್ರಾನ್ಸ್‌ನ 'ಷಸ್ಸೂರ್' ಪಡೆ, ಇಟಲಿಯ 'ಬೆರ್ಸಲಿಯೇರಿ' ಪಡೆಗಳ ಚಿಹ್ನೆಯಲ್ಲೂ ಬೇಟೆಯ ಕೊಂಬು ಇದೆ. ಅವರಿಗೂ ತುತಾರಿಗೂ ಯಾವ ಸಂಬಂಧವೂ ಇಲ್ಲ.

'ಲೈಟ್' ಎಂದರೆ ಕಡಿಮೆ ದರ್ಜೆಯೇ?

ಇದೂ ತಪ್ಪು ಕಲ್ಪನೆ. ಅದು ಗೆದ್ದು ಪಡೆದ ಬಿರುದು. 1840ರಲ್ಲಿ ಬಲೂಚಿಸ್ತಾನದ ಕಾಹಾನ್ ಕೋಟೆಯಲ್ಲಿ 5ನೇ ಬಾಂಬೆ ನೇಟಿವ್ ಇನ್ಫಂಟ್ರಿಯ ಸುಮಾರು 300 ಸಿಪಾಯಿಗಳು ಮುತ್ತಿಗೆಗೆ ಸಿಕ್ಕಿ ತಿಂಗಳುಗಟ್ಟಲೆ ಕೋಟೆ ಬಿಟ್ಟುಕೊಡದೆ ನಿಂತರು. ಮರುವರ್ಷ, 1841ರಲ್ಲಿ, ಆ ಪಡೆಗೆ 'ಲೈಟ್ ಇನ್ಫಂಟ್ರಿ' ಎಂಬ ಗೌರವ ಸಿಕ್ಕಿತು. ಆ ಪಡೆ ಇಂದಿನ ಮರಾಠಾ ರೆಜಿಮೆಂಟ್‌ನ ಪೂರ್ವಜರಲ್ಲಿ ಒಂದು. ಕೊಂಬನ್ನು ತುತಾರಿ ಎಂದುಬಿಟ್ಟರೆ ಆ ಸಿಪಾಯಿಗಳ ಕತೆಯೇ ಅಳಿಸಿಹೋಗುತ್ತದೆ.

ಹಾಗಾದರೆ ಇದು ಶಿವಾಜಿ ಮಹಾರಾಜರ ಸೈನ್ಯವಲ್ಲವೇ?

ಅಲ್ಲ. ಇದರ ಅತ್ಯಂತ ಹಳೆಯ ಬೆಟಾಲಿಯನ್ ಅನ್ನು ಈಸ್ಟ್ ಇಂಡಿಯಾ ಕಂಪನಿ 1768ರಲ್ಲಿ ಬಾಂಬೆಯಲ್ಲಿ ಕಟ್ಟಿತು. ಆಗ ಶಿವಾಜಿ ಮಹಾರಾಜರು ತೀರಿಕೊಂಡು 88 ವರ್ಷಗಳಾಗಿದ್ದವು. ಕಂಪನಿಯ ಸೈನ್ಯವಾಗಿದ್ದಾಗ ಈ ಪಡೆಗಳು 1799ರಲ್ಲಿ ಟಿಪ್ಪು ಸುಲ್ತಾನನ ವಿರುದ್ಧ, ಕೊಡಗಿನ ಗಡಿಯಲ್ಲಿ, ಶ್ರೀರಂಗಪಟ್ಟಣದಲ್ಲಿ ಹೋರಾಡಿದ್ದವು. ಬೇರೆಬೇರೆ ಪಡೆಗಳೆಲ್ಲ ಸೇರಿ ಒಂದೇ ರೆಜಿಮೆಂಟ್ ಆದದ್ದು 1922ರಲ್ಲಿ.

ಶಿವಾಜಿ ಮಹಾರಾಜರ ನಂಟು ಕಾಣುವುದು ರೆಜಿಮೆಂಟ್‌ನ ಯುದ್ಧಘೋಷದಲ್ಲಿ: 'ಬೋಲ್ ಶ್ರೀ ಛತ್ರಪತಿ ಶಿವಾಜಿ ಮಹಾರಾಜ್ ಕೀ ಜೈ'. ಫೆಬ್ರವರಿ 4ರಂದು ರೆಜಿಮೆಂಟ್ ದಿನ ಆಚರಿಸುತ್ತಾರೆ. 1670ರಲ್ಲಿ ತಾನಾಜಿ ಮಾಲುಸರೆ ಪ್ರಾಣ ಕೊಟ್ಟು ಸಿಂಹಗಡ ಗೆದ್ದ ನೆನಪಿಗೆ ಆ ದಿನ.

ಮೇಲಿನ ಸಿಂಹ ಏನು ಹೇಳುತ್ತದೆ?

ಬ್ರಿಟಿಷರ ಕಾಲದಲ್ಲಿ ಸೇನೆಯ ಲಾಂಛನಗಳಲ್ಲಿ ಇಂಗ್ಲೆಂಡಿನ ಕಿರೀಟ ಇರುತ್ತಿತ್ತು. 1950ರ ಜನವರಿ 26ರಂದು ದೇಶ ಗಣರಾಜ್ಯವಾದ ಮೇಲೆ ಆ ಜಾಗಕ್ಕೆ ಅಶೋಕ ಸಿಂಹ ಬಂತು. ಖಾನಾಪುರ ತಾಲ್ಲೂಕಿನವರಿಗೆ ಆ ತಾರೀಖಿಗೆ ಇನ್ನೊಂದು ನೆನಪೂ ಇದೆ. 1831ರ ಜನವರಿ 26ರಂದು ಕಂಪನಿ ಸರ್ಕಾರ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಇದೇ ತಾಲ್ಲೂಕಿನ ನಂದಗಡದಲ್ಲಿ. ಕಂಪನಿ ಕಟ್ಟಿದ ಸೈನ್ಯ ಇಂದು ಯಾರದ್ದು ಎಂಬುದನ್ನು ಆ ಸಿಂಹ ಹೇಳುತ್ತದೆ. ಅದು ಇಡೀ ದೇಶದ್ದು.

ಇದೆಲ್ಲ ತಿಳಿದು ಏನಾಗಬೇಕು?

2024ರ ಫೆಬ್ರವರಿಯಿಂದ 'ತುತಾರಿ ಊದುತ್ತಿರುವ ಮನುಷ್ಯ' ಮಹಾರಾಷ್ಟ್ರದ ಒಂದು ರಾಜಕೀಯ ಪಕ್ಷದ ಚುನಾವಣಾ ಚಿಹ್ನೆ. ಸೇನೆಯ ಬ್ಯೂಗಲ್ ಅನ್ನು ತುತಾರಿ ಎಂದು ಕರೆದರೆ, ಗೊತ್ತಿಲ್ಲದೆಯೇ ಸೈನ್ಯದ ಲಾಂಛನವನ್ನು ಪಕ್ಷದ ಪ್ರಚಾರಕ್ಕೆ ತಂದಂತಾಗುತ್ತದೆ. ಸೈನಿಕರ ಫೋಟೊಗಳನ್ನು ಪ್ರಚಾರಕ್ಕೆ ಬಳಸಬೇಡಿ ಎಂದು ಚುನಾವಣಾ ಆಯೋಗ 2019ರಲ್ಲಿ ಪಕ್ಷಗಳಿಗೆ ಸೂಚಿಸಿತ್ತು. ಗಡಿ, ಭಾಷೆಯ ಜಗಳ ಆಗಾಗ ಏಳುವ ಬೆಳಗಾವಿಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಈ ರೆಜಿಮೆಂಟ್‌ಗೆ ಕರ್ನಾಟಕದ ಯುವಕರೂ ಸೇರುತ್ತಾರೆ.

ಮುಂದಿನ ಸಲ ಯಾವುದೇ ಸೇನಾ ಲಾಂಛನದ ಫಾರ್ವರ್ಡ್ ಬಂದರೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದೇ ಚಿಹ್ನೆ ಬೇರೆ ಪಡೆಗಳಲ್ಲೂ ಇದೆಯೇ? ಆ ಪಡೆ ಹುಟ್ಟಿದ್ದು ಯಾವ ವರ್ಷ? ಬಹಳ ಸಲ ಉತ್ತರ ಇಷ್ಟರಲ್ಲೇ ಸಿಕ್ಕಿಬಿಡುತ್ತದೆ.