34 ರೂಪಾಯಿಯ ಚಿತ್ರಮಂದಿರ

ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರವು ತಾನೇ ಒಂದು ಜಿಲ್ಲೆಯಾದದ್ದು 2007ರಲ್ಲಿ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮೊದಲಾದ ತಾಲ್ಲೂಕುಗಳು ಅದರ ಪಾಲಿಗೆ ಬಂದುವು. ಸರ್ಕಾರದ ಕಾಗದಪತ್ರಗಳಲ್ಲಿ ದಾಖಲಾದ ಈ ಸಂಗತಿಗೆ ಚರಿತ್ರೆಯಲ್ಲಿ ಸ್ಥಾನವುಂಟು. ಹೆಚ್ಚುಕಡಿಮೆ ಅದೇ ಕಾಲಕ್ಕೆ ನಮ್ಮ ಊರುಗಳ ಅಂಗಡಿ ಬೀದಿಗೆ ಬಂದಿಳಿದ ಇನ್ನೊಂದು ವಸ್ತುವಿನ ವಿಷಯವನ್ನು ಮಾತ್ರ ಯಾರೂ ಬರೆದಿಟ್ಟದ್ದನ್ನು ನಾನು ಕಾಣೆ. ಅದು 34 ರೂಪಾಯಿಯ ಡಿ.ವಿ.ಡಿ.

ಆ ವರ್ಷಗಳಲ್ಲಿ ನಾನು ಚಿಕ್ಕಬಳ್ಳಾಪುರದಲ್ಲಿ ಮನೆ ಮಾಡಿಕೊಂಡಿದ್ದೆ. ಮದುವೆಯ ಗಲಾಟೆಯಲ್ಲಿ ಓದು ನಿಲ್ಲಿಸಿದ್ದ ನನ್ನಾಕೆ ಮತ್ತೆ ಪುಸ್ತಕ ಹಿಡಿದು, ಮನೆಯಲ್ಲಿಯೇ ಕುಳಿತು ಕನ್ನಡ ಎಂ.ಎ.ಗೆ ಓದುತ್ತಿದ್ದಳು. ಕೆಲಸದ ನಿಮಿತ್ತ ನಾಲ್ಕೂ ಊರುಗಳನ್ನು ಸುತ್ತುತ್ತಿದ್ದ ನನಗೆ, ಆಕೆ ಓದಿ ದಣಿದ ರಾತ್ರಿಗೆಂದು ಒಂದು ಚಿತ್ರವನ್ನು ಹುಡುಕಿ ತರುವುದು ಅಭ್ಯಾಸವಾಯಿತು. ಹಾಗೆ ತರುತ್ತ ತರುತ್ತ ಒಂದು ವಿಷಯ ಹೊಳೆಯಿತು. ನಮ್ಮ ಸೀಮೆಯಲ್ಲಿ ಸಿನಿಮಾದ ಚರಿತ್ರೆಯೆಂದರೆ, ಚಿತ್ರ ನೋಡುವ ಹೊತ್ತನ್ನು ಗೊತ್ತುಮಾಡುವವರು ಯಾರು ಎಂಬುದರ ಚರಿತ್ರೆಯೇ ಆಗಿದೆ.

ಮೊದಲು ಆ ಹೊತ್ತು ಡೇರೆಯ ಮಾಲೀಕನದು. ಟೂರಿಂಗ್ ಟಾಕೀಸಿಗೆ ಗೋಡೆಗಳಿಲ್ಲ. ಆದ್ದರಿಂದ ಸೂರ್ಯ ಮುಳುಗದೆ ಆಟವಿಲ್ಲ. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ಧ್ವನಿವರ್ಧಕದಲ್ಲಿ ಘಂಟಸಾಲರ ಕಂಠದ ವೆಂಕಟೇಶ ಸ್ತುತಿ ಮೊಳಗಿತೆಂದರೆ ಆಟ ಮೊದಲಾಗುವ ಸೂಚನೆ. ಸ್ತುತಿ ತೆಲುಗಿನದು, ಚಿತ್ರ ಕನ್ನಡದ್ದಾಗಿರಬಹುದು. ಎರಡು ಭಾಷೆಗಳ ನಡುವೆ ಬಾಳುವ ನಮ್ಮ ತಾಲ್ಲೂಕುಗಳಿಗೆ ಅದರಲ್ಲಿ ವಿಚಿತ್ರವೇನೂ ತೋರಲಿಲ್ಲ. ಆದರೆ ಓದುವವರ ಪಾಡೇನು? ಡೇರೆಗೆ ಅನುಕೂಲವಾದ ಬೇಸಿಗೆಯೇ ಪರೀಕ್ಷೆಯ ಕಾಲವೂ ಹೌದು. ಸ್ತುತಿ ಮನೆಯವರೆಗೂ ಕೇಳಿಬರುತ್ತಿತ್ತು; ಹೋಗಲು ಅಪ್ಪಣೆಯಿಲ್ಲ. ಅದರಲ್ಲಿಯೂ ಹೆಣ್ಣುಮಕ್ಕಳಿಗೆ ಎರಡನೆಯ ಆಟವೆಂಬುದು ಕೇಳಲೇಬಾರದ ಮಾತು.

ಹಿರಿಯರನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಇದು ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ನಾಡು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಓದಿಗೋಸ್ಕರ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿಯೇ ಹೋದ ಎಚ್. ನರಸಿಂಹಯ್ಯನವರ ನಾಡು. ಕೆರೆಯ ನೀರನ್ನೂ ಮಳೆಯನ್ನೂ ನಂಬಿದ ಬಡ ಸೀಮೆಗೆ ಓದೊಂದೇ ಏಣಿಯಾಗಿದ್ದಾಗ, ಓದು ತಪಸ್ಸಾಗಿಯೂ ಸಿನಿಮಾ ತಪೋಭಂಗವಾಗಿಯೂ ಕಂಡದ್ದು ಸಹಜವೇ.

ಅನಂತರ ಹೊತ್ತು ದೆಹಲಿಯ ಕೈಗೆ ಹೋಯಿತು. 1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರದ ಬೆಳಗ್ಗೆ ದೂರದರ್ಶನದಲ್ಲಿ ರಾಮಾನಂದ ಸಾಗರರ ರಾಮಾಯಣ ಬಂದಾಗ ಬೀದಿಗಳು ಬರಿದಾಗುತ್ತಿದ್ದುದನ್ನು ಅನೇಕ ಓದುಗರು ಬಲ್ಲರು. ಚಿತ್ರ ಮನೆಯೊಳಕ್ಕೆ ಬಂದಿತ್ತು, ನಿಜ. ಆದರೆ ಅದು ಬಂದಾಗ ನಾವು ಕುಳಿತಿರಬೇಕು. ಜಪಾನಿನ ಜೆ.ವಿ.ಸಿ. ಕಂಪೆನಿ 1976ರಲ್ಲಿ ಹೊರತಂದ ವಿ.ಎಚ್.ಎಸ್. ಕ್ಯಾಸೆಟ್ಟು ಈ ಕಟ್ಟನ್ನು ಬಿಚ್ಚಬಲ್ಲುದಾಗಿತ್ತು. ಆದರೆ ಅದನ್ನು ನಡೆಸುವ ಯಂತ್ರವನ್ನು ಕೊಳ್ಳಬಲ್ಲವರು ಊರಿಗೆ ನಾಲ್ಕು ಜನ. ಉಳಿದವರು ಒಂದು ರಾತ್ರಿಯ ಮಟ್ಟಿಗೆ ಬಾಡಿಗೆಗೆ ತರುತ್ತಿದ್ದರು. ಕೊಟ್ಟ ಬಾಡಿಗೆ ದಕ್ಕಬೇಕೆಂದು ಬೆಳಗಿನ ಜಾವದವರೆಗೆ ಮೂರು ಚಿತ್ರಗಳನ್ನು ಒಂದೇ ಉಸುರಿಗೆ ನೋಡುವುದು. ಮರುದಿನ ಮಕ್ಕಳು ಶಾಲೆಯಲ್ಲಿ ತೂಕಡಿಸುವುದು. ಹೊತ್ತು ಈಗ ಬಾಡಿಗೆಯದಾಯಿತು, ಅಷ್ಟೆ.

ಬಳಿಕ ಬಂತು ಬಿಲ್ಲೆ. 1993ರಲ್ಲಿ ರೂಪುಗೊಂಡ ವಿ.ಸಿ.ಡಿ.ಯಲ್ಲಿ ಸುಮಾರು 74 ನಿಮಿಷಗಳ ಚಿತ್ರ ಹಿಡಿಯುತ್ತಿತ್ತು. ಎರಡೂವರೆ ಗಂಟೆಯ ಕನ್ನಡ ಚಿತ್ರಕ್ಕೆ ಎರಡು ಮೂರು ಬಿಲ್ಲೆಗಳು ಬೇಕು. 1996ರ ನವೆಂಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಡಿ.ವಿ.ಡಿ.ಯಾದರೋ ಅದೇ ಅಳತೆಯ, ಅದೇ 1.2 ಮಿಲಿಮೀಟರು ದಪ್ಪದ ಬಿಲ್ಲೆಯಲ್ಲಿ ಸುಮಾರು ಏಳು ಪಟ್ಟು ಹೆಚ್ಚನ್ನು ತುಂಬಿಕೊಂಡಿತು. ಇನ್ನೊಂದು ಗುಣವನ್ನೂ ಹೇಳಬೇಕು. ಸಿ.ಡಿ.ಯಲ್ಲಿ ದಾಖಲೆಯ ಪದರವಿರುವುದು ಹೆಸರು ಅಚ್ಚಾದ ಮೇಲ್ಮೈಯ ಕೆಳಗೇ. ಅಲ್ಲಿ ಗೀರಿದರೆ ಚಿತ್ರವೇ ಹೋಯಿತು. ಡಿ.ವಿ.ಡಿ.ಯಲ್ಲಿ ಅದು 0.6 ಮಿಲಿಮೀಟರಿನ ಎರಡು ಹಾಳೆಗಳ ನಡುವೆ ಹೋಳಿಗೆಯ ಹೂರಣದಂತೆ ಅಡಗಿರುತ್ತದೆ. ಮಕ್ಕಳಿರುವ ಮನೆಗೆ ಇದು ಸಣ್ಣ ಮಾತಲ್ಲ.

ಬೆಲೆಯೊಂದು ಅಡ್ಡವಾಗಿತ್ತು. ಖಾಲಿ ಬಿಲ್ಲೆಗಳನ್ನು ತಯಾರಿಸುತ್ತಿದ್ದ ಮೋಸರ್ ಬೇಯರ್ ಕಂಪೆನಿ 2007ರ ಸುಮಾರಿಗೆ ಚಿತ್ರಗಳ ವ್ಯಾಪಾರಕ್ಕಿಳಿದು, ವಿ.ಸಿ.ಡಿ.ಗೆ 28 ರೂಪಾಯಿ, ಡಿ.ವಿ.ಡಿ.ಗೆ 34 ರೂಪಾಯಿ ಎಂದು ಸಾರಿತು. ಕಳ್ಳ ಪ್ರತಿಗಳನ್ನು ಅವುಗಳ ಬೆಲೆಯಲ್ಲಿಯೇ ಸೋಲಿಸುವ ಉಪಾಯವಿದು. ಹರಕು ಚಿತ್ರ, ಮುಸುಕು ಧ್ವನಿ, ನಡುವೆ ಯಾರೋ ಎದ್ದುಹೋಗುವ ತಲೆಯ ನೆರಳು, ಇವುಗಳ ಬದಲು ಶುದ್ಧ ಪ್ರತಿಯೇ ಅಷ್ಟು ಹಣಕ್ಕೆ ಸಿಗುವಾಗ ಕದ್ದ ಮಾಲನ್ನು ಮನೆಗೇಕೆ ತರಬೇಕು?

ನಾಲ್ಕು ಊರುಗಳ ಅಂಗಡಿಗಳಿಗೆ ನಾಲ್ಕು ಬಗೆ. ಚಿಕ್ಕಬಳ್ಳಾಪುರದಲ್ಲಿ ಹಾಡಿನ ಕ್ಯಾಸೆಟ್ಟು ಮಾರುತ್ತಿದ್ದವರೇ ಬಿಲ್ಲೆಗಳನ್ನು ತೂಗುಹಾಕಿದರು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಮಾರಿ ಹಣ ಎಣಿಸಿಕೊಂಡ ರೈತನು ಮಗನಿಗೆ ಪೆನ್ನು, ಮನೆಗೆ ಸಿಹಿ ಕೊಂಡಂತೆ ಒಂದು ಚಿತ್ರವನ್ನೂ ಕೊಂಡೊಯ್ಯುತ್ತಿದ್ದನು. ಚಿಂತಾಮಣಿಯಲ್ಲಿ ತೆಲುಗು ಚಿತ್ರಗಳ ಸಾಲು ಕನ್ನಡದ್ದಕ್ಕಿಂತ ಉದ್ದ. ಗೌರಿಬಿದನೂರಿನ ಮಾತಂತೂ ಹೇಳಬೇಕಾಗಿಲ್ಲ, ಎನ್.ಟಿ. ರಾಮರಾಯರನ್ನು ಶಾಸನಸಭೆಗೆ ಆರಿಸಿ ಕಳುಹಿಸಿದ ಹಿಂದೂಪುರ ಅದರ ನೆರೆಯೂರು.

ನಾನು ಕೇಳುತ್ತಿದ್ದುದು ಬೇರೆಯ ಸರಕು. ಪಠ್ಯದಲ್ಲಿ ಕಾದಂಬರಿಗಳಿದ್ದುವು, ಅವುಗಳಿಂದಾದ ಚಿತ್ರಗಳು ಬೇಕಾಗಿದ್ದುವು. 1970ರ ‘ಸಂಸ್ಕಾರ’, 1975ರ ‘ಚೋಮನ ದುಡಿ’, 1977ರ ‘ಘಟಶ್ರಾದ್ಧ’ - ಮೂರೂ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದವು. ಪಟ್ಟಿಯನ್ನು ನೋಡಿ ಅಂಗಡಿಯಾತ ನಕ್ಕ.

“ಅವಾರ್ಡ್ ಪಿಚ್ಚರ್ ಯಾರು ಕೇಳ್ತಾರೆ ಸ್ವಾಮಿ? ರಾಜ್‌ಕುಮಾರ್ ತಗೊಳ್ಳಿ, ವಿಷ್ಣುವರ್ಧನ್ ತಗೊಳ್ಳಿ.”

ತೆಗೆದುಕೊಂಡೆ. ವಿಷ್ಣುವರ್ಧನರು ನಾಯಕರಾದ ‘ನಾಗರಹಾವು’, 1972ರದು. ಪುಟ್ಟಣ್ಣ ಕಣಗಾಲರು ಅದನ್ನು ತ.ರಾ.ಸು. ಅವರ ಒಂದು ಕಾದಂಬರಿಯಿಂದಲ್ಲ, ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರರಿಂದ ಹೆಣೆದದ್ದು. ರಾತ್ರಿ ಒಂಬತ್ತೂವರೆಗೆ ಓದು ಮುಗಿಸಿ ನನ್ನಾಕೆ ಟಿ.ವಿ.ಯ ಮುಂದೆ ಕುಳಿತಳು. ಕುಳಿತು ಹತ್ತು ನಿಮಿಷವಾಗಿರಲಿಲ್ಲ.

“ರೀ, ಸ್ವಲ್ಪ ನಿಲ್ಲಿಸಿ. ಇದು ಮೂರರಲ್ಲಿ ಯಾವ ಪುಸ್ತಕದ ಪ್ರಸಂಗವೋ ನೋಡಿಬಿಡುತ್ತೇನೆ.”

ನಿಲ್ಲಿಸಿದೆ. ಚಿತ್ರದುರ್ಗದ ಬಂಡೆಗಳ ನಡುವೆ ರಾಮಾಚಾರಿ ಹಾಗೆಯೇ ನಿಂತ. ಆಕೆ ಪುಟ ತಿರುವಿ, ಗುರುತು ಹಾಕಿ, “ಹೂಂ, ಬಿಡಿ” ಎಂದಳು, ರಾಮಾಚಾರಿ ನಡೆದ. ಎರಡೂವರೆ ಗಂಟೆಯ ಸಾಲದ ಚಿತ್ರ ನಮ್ಮ ಮನೆಯಲ್ಲಿ ನಾಲ್ಕು ರಾತ್ರಿ ನಡೆಯಿತು. ಡೇರೆಯ ಮಾಲೀಕನಾಗಲಿ ದೆಹಲಿಯಾಗಲಿ ಓದುವ ಹೆಂಗಸೊಬ್ಬಳಿಗಾಗಿ ಚಿತ್ರವನ್ನು ನಿಲ್ಲಿಸಿದ್ದುಂಟೆ? ಸಿನಿಮಾ ಓದಿನ ಶತ್ರುವೆಂಬ ಹಳೆಯ ತೀರ್ಪು ಸಿನಿಮಾದ ಮೇಲಿನದಲ್ಲ, ಅದರ ಹೊತ್ತಿನ ಮೇಲಿನದೆಂದು ಆಗ ಅರ್ಥವಾಯಿತು. ಹೊತ್ತು ಓದುವವಳ ಕೈಗೆ ಬಂದೊಡನೆ ಶತ್ರುವೇ ಸಹಪಾಠಿಯಾಯಿತು. ಆಕೆ ತೇರ್ಗಡೆಯಾದಳು, ಪುಣ್ಯವನ್ನೆಲ್ಲ ಬಿಲ್ಲೆಗಳಿಗೆ ಕೊಡಲಾರೆ, ಪಾಲಂತೂ ಉಂಟು.

ಆ ಅಂಗಡಿಗಳು ಹೆಚ್ಚು ಕಾಲ ಬಾಳಲಿಲ್ಲ. ಮೊದಲು ಮೊಬೈಲಿನ ಮೆಮೊರಿ ಕಾರ್ಡಿಗೆ ಚಿತ್ರ ತುಂಬಿಕೊಡುವ ಕಸುಬು ಬಂತು. 2016ರಲ್ಲಿ ಜಿಯೋ ಬಂದು ಅಂತರ್ಜಾಲ ಅಗ್ಗವಾಯಿತು. ಮೋಸರ್ ಬೇಯರ್ ಕಂಪೆನಿಯನ್ನೇ ಸಮಾಪನಗೊಳಿಸಬೇಕೆಂದು 2018ರಲ್ಲಿ ಆಜ್ಞೆಯಾಯಿತು. ಬಿಲ್ಲೆ ತೂಗುತ್ತಿದ್ದ ಮೊಳೆಗಳಲ್ಲಿ ಈಗ ಮೊಬೈಲಿನ ಚೀಲಗಳು ತೂಗುತ್ತಿವೆ.

ಇದರಲ್ಲಿ ನಷ್ಟವೇನು, ಮೊಬೈಲಿನಲ್ಲಿಯೂ ಬೇಕೆಂದಾಗ ನಿಲ್ಲಿಸಬಹುದಲ್ಲವೆ ಎಂದು ಕೇಳಬಹುದು. ನಿಲ್ಲಿಸಬಹುದು, ಹೊತ್ತು ನಮ್ಮದಾಗಿಯೇ ಉಳಿದಿದೆ. ಕೈತಪ್ಪಿದ್ದು ವಸ್ತು. ಚಂದಾ ಕಟ್ಟಿ ನೋಡುವ ಚಿತ್ರ ಕರಾರು ಮುಗಿದ ದಿನ ಹೇಳದೆಕೇಳದೆ ಮಾಯವಾಗುತ್ತದೆ. 34 ರೂಪಾಯಿಗೆ ಕೊಂಡದ್ದು ಕಪಾಟಿನಲ್ಲಿರುತ್ತದೆ. ಕನ್ನಡಕ್ಕೆ ಈ ಎಚ್ಚರ ಹೆಚ್ಚಾಗಿ ಬೇಕು. 1934ರ ಮಾರ್ಚ್ 3ರಂದು ತೆರೆಕಂಡ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಉಳಿದಿಲ್ಲ. ಸ್ವರ್ಣಕಮಲ ಗೆದ್ದ ‘ಘಟಶ್ರಾದ್ಧ’ವನ್ನೇ ಜೀರ್ಣೋದ್ಧಾರ ಮಾಡಬೇಕಾಗಿ ಬಂದು, ಅದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಹೊಸದಾಗಿ ಬೆಳಕು ಕಂಡಿತು. ದೊಡ್ಡ ಹೆಸರಿನ ಚಿತ್ರಕ್ಕೆ ಇಷ್ಟು ಪ್ರಯಾಸವಾದರೆ, ಹೆಸರಿಲ್ಲದವುಗಳ ಗತಿಯೇನು?

ಬಿಲ್ಲೆಯೂ ಅಮರವಲ್ಲ. ಆದರೂ ಹತ್ತು ಮನೆಗಳಲ್ಲಿರುವ ಹತ್ತು ಪ್ರತಿಗಳು ಒಟ್ಟಿಗೆ ಸಾಯುವುದಿಲ್ಲ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಶಾಸನ 1965ರದು. ಅದರ ನೆರಳಿನಲ್ಲಿ ಬೆಳೆದ ನಮ್ಮ ಊರಿನ ಗ್ರಂಥಾಲಯಗಳು ಪುಸ್ತಕಗಳನ್ನು ಕಾಪಾಡಿಕೊಂಡು ಬಂದಿವೆ. ಗುಜರಿಗೆ ಹಾಕಲು ಮೂಟೆ ಕಟ್ಟಿಟ್ಟ ಬಿಲ್ಲೆಗಳನ್ನು ಅಲ್ಲಿಗೆ ಕೊಡುವಂತಾದರೆ, ಪುಸ್ತಕದ ಸಾಲಿನ ಪಕ್ಕದಲ್ಲಿ ಅವಕ್ಕೂ ಒಂದು ಕಪಾಟು ಏರ್ಪಟ್ಟರೆ ಸಾಕು. ಕಾದಂಬರಿಯೊಂದನ್ನು ಎದೆಗವಚಿಕೊಂಡು ಬಂದ ಓದುವ ಹುಡುಗಿ “ಇದರ ಚಿತ್ರ ಇದೆಯೆ?” ಎಂದು ಕೇಳಿದಾಗ, ಇದೆಯೆಂದು ತೆಗೆದುಕೊಡಲು ಚಿಂತಾಮಣಿಯಲ್ಲಾದರೂ ಶಿಡ್ಲಘಟ್ಟದಲ್ಲಾದರೂ ಒಬ್ಬರಿರಬೇಕು.