ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ದೀರ್ಘಾವಧಿ ಯೋಜನೆ: ಠಾಣೆ, ಸಮಯ ಮತ್ತು ಸಿಬ್ಬಂದಿ

ಕರ್ನಾಟಕದಲ್ಲಿ ಬೆಂಕಿ ನಂದಿಸುವ ಹಾಗೂ ಅಪಘಾತ, ಪ್ರವಾಹ, ಕಟ್ಟಡ ಕುಸಿತ ಮುಂತಾದ ಸಂದರ್ಭಗಳಲ್ಲಿ ಜೀವ ರಕ್ಷಿಸುವ ಕಾರ್ಯವು 1964ರ ಅಗ್ನಿಶಾಮಕ ದಳ ಅಧಿನಿಯಮದ ಅನ್ವಯ ರಾಜ್ಯ ಸರ್ಕಾರದ ಇಲಾಖೆಗೆ ಸೇರಿರುತ್ತದೆ. ಸಂವಿಧಾನದ 74ನೇ ತಿದ್ದುಪಡಿಯ ಮೂಲಕ ಸೇರಿಸಲಾದ 12ನೇ ಅನುಸೂಚಿಯು ಅಗ್ನಿಶಾಮಕ ಸೇವೆಯನ್ನು ನಗರ ಸ್ಥಳೀಯ ಸಂಸ್ಥೆಗಳ ಕಾರ್ಯಗಳ ಪಟ್ಟಿಯಲ್ಲಿ ನಮೂದಿಸಿದ್ದು, ಮುಂಬಯಿಯಂತಹ ನಗರದಲ್ಲಿ ಮಹಾನಗರ ಪಾಲಿಕೆಯೇ ತನ್ನ ದಳವನ್ನು ನಿರ್ವಹಿಸುತ್ತದೆ. ಕರ್ನಾಟಕದಲ್ಲಿ ಬೆಂಗಳೂರಿನಿಂದ ಬೀದರ್‌ವರೆಗೆ ಒಂದೇ ಇಲಾಖೆ. ಆದುದರಿಂದ ರಾಜಧಾನಿಯ ಬಹುಮಹಡಿ ಕಟ್ಟಡಕ್ಕೆ ಬೇಕಾದ ಏಣಿ ವಾಹನವೂ ಹಳ್ಳಿಯ ಬಣವೆಗೆ ಬೇಕಾದ ಜಲವಾಹನವೂ ಒಂದೇ ಆಯವ್ಯಯದಿಂದ ಬರಬೇಕಾಗುತ್ತದೆ. ಯಾವುದು ಮೊದಲು, ಎಲ್ಲಿ, ಎಷ್ಟು ಎಂಬುದನ್ನು ನಿರ್ಧರಿಸುವ ಕ್ರಮವೇ ದೀರ್ಘಾವಧಿ ಯೋಜನೆ.

ಠಾಣೆಯ ವ್ಯಾಪ್ತಿ: ವಿಸ್ತೀರ್ಣವೋ, ಸಮಯವೋ

ಕೇಂದ್ರ ಗೃಹ ಮಂತ್ರಾಲಯವು 1955ರಲ್ಲಿ ರಚಿಸಿದ ಸ್ಥಾಯೀ ಅಗ್ನಿ ಸಲಹಾ ಸಮಿತಿಯ (ನಂತರ ಮಂಡಳಿ) ಮಾನದಂಡಗಳೇ ದೇಶದಲ್ಲಿ ಬಹುಕಾಲದಿಂದ ಆಧಾರವಾಗಿವೆ. ಅದರ ರೀತ್ಯಾ ನಗರ ಪ್ರದೇಶದಲ್ಲಿ 10 ಚದರ ಕಿ.ಮೀ.ಗೆ, ಗ್ರಾಮೀಣ ಪ್ರದೇಶದಲ್ಲಿ 50 ಚದರ ಕಿ.ಮೀ.ಗೆ ಒಂದು ಠಾಣೆ ಇರತಕ್ಕದ್ದು. ಕರೆ ಬಂದ ನಂತರ ನಗರದಲ್ಲಿ 5ರಿಂದ 7 ನಿಮಿಷ, ಗ್ರಾಮಾಂತರದಲ್ಲಿ 20 ನಿಮಿಷದೊಳಗೆ ವಾಹನ ಸ್ಥಳ ತಲುಪತಕ್ಕದ್ದು.

ಈ ಎರಡು ಅಳತೆಗಳನ್ನು ಒಂದಕ್ಕೊಂದು ತಾಳೆ ನೋಡಿದರೆ ಫಲಿತಾಂಶ ಬೇರೆಯೇ ಆಗುತ್ತದೆ. ರಾಜ್ಯದ ವಿಸ್ತೀರ್ಣ 1,91,791 ಚದರ ಕಿ.ಮೀ. 50 ಚದರ ಕಿ.ಮೀ.ಗೆ ಒಂದರಂತೆ ಎಣಿಸಿದರೆ 3,800ಕ್ಕೂ ಹೆಚ್ಚು ಠಾಣೆಗಳು ಬೇಕು. ಸುಮಾರು 240 ತಾಲ್ಲೂಕುಗಳಿರುವ ರಾಜ್ಯದಲ್ಲಿ ಇದರ ಅರ್ಥ ಪ್ರತಿ ತಾಲ್ಲೂಕಿಗೆ 16 ಠಾಣೆಗಳು. ಯಾವ ರಾಜ್ಯದ ಬೊಕ್ಕಸಕ್ಕೂ ಇದು ನಿಲುಕುವ ಮಾತಲ್ಲ. ತಾಲ್ಲೂಕಿಗೊಂದು ಠಾಣೆ ಎಂಬ ಗುರಿಯನ್ನು ರಾಜ್ಯ ಹಿಡಿದದ್ದು ಈ ಕಾರಣದಿಂದಲೇ.

ಇನ್ನು ಸಮಯದ ಲೆಕ್ಕ. 20 ನಿಮಿಷದಲ್ಲಿ ಕರೆ ಸ್ವೀಕರಿಸಿ ಹೊರಡಲು 2 ನಿಮಿಷ ಕಳೆದರೆ ಉಳಿಯುವುದು 18 ನಿಮಿಷ. ಗಂಟೆಗೆ 40 ಕಿ.ಮೀ. ವೇಗದಲ್ಲಿ ನೀರು ತುಂಬಿದ ವಾಹನವು ಅಷ್ಟರಲ್ಲಿ 12 ಕಿ.ಮೀ. ಕ್ರಮಿಸುತ್ತದೆ. ರಸ್ತೆಯ ಅಂಕುಡೊಂಕನ್ನು ಬಿಟ್ಟರೆ ನೇರ ಅಂತರ ಸುಮಾರು 9 ಕಿ.ಮೀ. ಎಂದು ಹಿಡಿಯಬಹುದು. ಇಷ್ಟು ದೂರದ ಸುತ್ತಳತೆಯೊಳಗೆ 250 ಚದರ ಕಿ.ಮೀ.ಗೂ ಮಿಕ್ಕ ಪ್ರದೇಶ ಬರುತ್ತದೆ. ಅಂದರೆ 800 ಚದರ ಕಿ.ಮೀ.ನ ಸರಾಸರಿ ತಾಲ್ಲೂಕಿಗೆ 16 ಅಲ್ಲ, ಮೂರು ಅಥವಾ ನಾಲ್ಕು ಕಡೆ ವಾಹನ ನಿಂತರೆ ಸಾಕು. ಇದು ಸ್ಥೂಲ ಅಂದಾಜು. ಮಲೆನಾಡಿನ ಘಟ್ಟದ ರಸ್ತೆಗೂ ವಿಜಯಪುರದ ಬಯಲಿಗೂ ಒಂದೇ ವೇಗ ಅನ್ವಯಿಸದು. ಆದರೂ ತಾಲ್ಲೂಕು ಕೇಂದ್ರದ ಠಾಣೆಗೆ ಪೂರಕವಾಗಿ ಹೋಬಳಿ ಮಟ್ಟದಲ್ಲಿ ಸಣ್ಣ ವಾಹನವೊಂದನ್ನು ನಿಲ್ಲಿಸುವುದು ಸಾಧ್ಯವಾದ ಗುರಿ ಎಂಬುದು ಇದರಿಂದ ಕಂಡುಬರುತ್ತದೆ. ಸಾಧ್ಯವಾಗದ ಮಾನದಂಡವು ಕಡತದಲ್ಲಿ ಕೊರತೆಯ ಅಂಕಿ ತೋರಿಸಲಷ್ಟೇ ಉಪಯೋಗಕ್ಕೆ ಬರುತ್ತದೆ.

ನಗರದಲ್ಲಿ ಇದು ತಿರುಗುಮುರುಗು. 10 ಚದರ ಕಿ.ಮೀ. ವೃತ್ತದ ಅಂಚು ಠಾಣೆಯಿಂದ 1.8 ಕಿ.ಮೀ. ದೂರವಿರುತ್ತದೆ. ಗಂಟೆಗೆ 30 ಕಿ.ಮೀ. ವೇಗವಿದ್ದಲ್ಲಿ ನಾಲ್ಕು ನಿಮಿಷದೊಳಗೆ ತಲುಪಬಹುದು. ಸಂಜೆಯ ದಟ್ಟಣೆಯಲ್ಲಿ ವೇಗ 15ಕ್ಕಿಳಿದರೆ ಏಳು ನಿಮಿಷ ಮೀರುತ್ತದೆ. ನಕ್ಷೆಯ ಮೇಲೆ ಕೊರತೆಯಿಲ್ಲದ ಬಡಾವಣೆಯೂ ಸಂಜೆ ಆರು ಗಂಟೆಗೆ ಕೊರತೆಯ ಬಡಾವಣೆಯಾಗಿರಬಹುದು.

ಬೇಸಿಗೆ ಮತ್ತು ನೀರು

ಗ್ರಾಮಾಂತರ ಠಾಣೆಗಳಲ್ಲಿ ಬಣವೆ, ಗುಡಿಸಲು, ಕಬ್ಬಿನ ಗದ್ದೆಗಳ ಬೆಂಕಿ ಕರೆಗಳು ಹೆಚ್ಚುವುದು ಬೇಸಿಗೆಯಲ್ಲಿ. ಜಲವಾಹನದಲ್ಲಿರುವ ಕೆಲವು ಸಾವಿರ ಲೀಟರ್ ನೀರು ಪಂಪು ಚಾಲನೆಯಾದ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ನಂತರ ಕೆರೆ, ಬಾವಿ ಅಥವಾ ಕೊಳವೆಬಾವಿಯೇ ಗತಿ. ಯೋಜನಾ ನಕ್ಷೆಯಲ್ಲಿ ನೀಲಿ ಬಣ್ಣದಲ್ಲಿರುವ ಕೆರೆಯು ಏಪ್ರಿಲ್ ತಿಂಗಳಲ್ಲಿ ದನ ಮೇಯುವ ಬಯಲಾಗಿರುವುದು ಬಯಲುಸೀಮೆಯಲ್ಲಿ ಸಾಮಾನ್ಯ. ಆದುದರಿಂದ ಜಲಮೂಲಗಳ ಪಟ್ಟಿಯನ್ನು ಮಳೆಗಾಲದ ನಂತರ ತಯಾರಿಸದೆ, ಬೇಸಿಗೆಯಲ್ಲಿ ಠಾಣಾ ಸಿಬ್ಬಂದಿ ಖುದ್ದಾಗಿ ನೋಡಿ ತಯಾರಿಸುವುದು ಅವಶ್ಯ. ವಿದ್ಯುತ್ ಕಡಿತದ ವೇಳೆಯಲ್ಲೂ ನೀರೆತ್ತಬಲ್ಲ ಕೊಳವೆಬಾವಿಗಳು ಯಾವುವೆಂದು ಪ್ರತ್ಯೇಕವಾಗಿ ಗುರುತಿಸತಕ್ಕದ್ದು.

ವಾಹನದ ಬೆಲೆ, ಸಿಬ್ಬಂದಿಯ ಬೆಲೆ

ವಾಹನ ಖರೀದಿಯು ಬಂಡವಾಳ ವೆಚ್ಚ. ಅದನ್ನು ಓಡಿಸುವುದು ರಾಜಸ್ವ ವೆಚ್ಚ. ಒಂದು ಜಲವಾಹನಕ್ಕೆ ಮುಖ್ಯಸ್ಥ, ಚಾಲಕ ಹಾಗೂ ನಾಲ್ವರು ಅಗ್ನಿಶಾಮಕರು ಸೇರಿ ಆರು ಜನ ಬೇಕು ಎಂದಿಟ್ಟುಕೊಂಡರೆ, ವಾರದ 168 ಗಂಟೆಗಳೂ ಆ ಆರು ಸ್ಥಾನಗಳು ತುಂಬಿರಬೇಕು. ಒಬ್ಬರಿಗೆ ವಾರಕ್ಕೆ 48 ಗಂಟೆ ಕರ್ತವ್ಯವೆಂದರೂ ಪ್ರತಿ ಸ್ಥಾನಕ್ಕೆ ಮೂರೂವರೆ ಜನ, ಒಟ್ಟು 21 ಹುದ್ದೆಗಳು. ರಜೆ, ತರಬೇತಿಗಳನ್ನು ಇದರಲ್ಲಿ ಸೇರಿಸಿಲ್ಲ. ವಾಹನವನ್ನು ಒಮ್ಮೆ ಕೊಳ್ಳಲಾಗುತ್ತದೆ. ಈ ವೇತನವನ್ನು ಪ್ರತಿ ತಿಂಗಳು ಕೊಡಬೇಕು.

ಅನುದಾನಗಳು ಬಹುಪಾಲು ಮೊದಲನೆಯದಕ್ಕೇ ಬರುತ್ತವೆ. 2023ರಲ್ಲಿ ಕೇಂದ್ರ ಸರ್ಕಾರವು ರಾಜ್ಯಗಳ ಅಗ್ನಿಶಾಮಕ ಸೇವೆಗಳ ವಿಸ್ತರಣೆ ಮತ್ತು ಆಧುನೀಕರಣಕ್ಕಾಗಿ 5,000 ಕೋಟಿ ರೂಪಾಯಿಗಳ ಯೋಜನೆಯನ್ನು ಪ್ರಕಟಿಸಿದ್ದು, ಬಹುತೇಕ ರಾಜ್ಯಗಳು ಶೇ. 25ರಷ್ಟು ತಮ್ಮ ಪಾಲನ್ನು ಭರಿಸಬೇಕಿರುತ್ತದೆ. ಇಂತಹ ಹಣದಿಂದ ಬಂದ ವಾಹನಕ್ಕೆ ಹುದ್ದೆ ಮಂಜೂರಾತಿಯು ಅದೇ ವರ್ಷದಲ್ಲಿ ಆಗದಿದ್ದಲ್ಲಿ, ಹಳೆಯ ವಾಹನದ ಚಾಲಕನೇ ಹೊಸದಕ್ಕೂ ಚಾಲಕನಾಗುತ್ತಾನೆ. ಎರಡರಲ್ಲೊಂದು ಶೆಡ್ಡಿನಲ್ಲಿ ಉಳಿಯುತ್ತದೆ.

ಯೋಜನೆ ಬರೆಯುವುದನ್ನೇ ಅನುದಾನದ ಷರತ್ತಾಗಿಸಿದ್ದೂ ಉಂಟು. 13ನೇ ಹಣಕಾಸು ಆಯೋಗವು (2010-15) 10 ಲಕ್ಷ ಮೀರಿದ ಜನಸಂಖ್ಯೆಯ ನಗರಗಳಿಗೆ ಅಗ್ನಿ ಅಪಾಯ ನಿರ್ವಹಣೆ ಮತ್ತು ಉಪಶಮನ ಯೋಜನೆಯನ್ನು ಸಿದ್ಧಪಡಿಸುವುದನ್ನು ಕಾರ್ಯಾಧಾರಿತ ಅನುದಾನದ ಷರತ್ತುಗಳಲ್ಲಿ ಸೇರಿಸಿತ್ತು. ಷರತ್ತು ಒಳ್ಳೆಯದೇ, ಆದರೆ ರಾಜ್ಯಪತ್ರದಲ್ಲಿ ಪ್ರಕಟವಾದ ಮಾತ್ರಕ್ಕೆ ಯೋಜನೆ ಜಾರಿಯಾದಂತಲ್ಲ.

ಆಸ್ತಿಯೋ, ಜೀವವೋ

ಇಂಗ್ಲೆಂಡಿನಲ್ಲಿ ದೀರ್ಘಕಾಲ ಪ್ರದೇಶಗಳನ್ನು ವರ್ಗೀಕರಿಸಿ, ದಟ್ಟ ವಾಣಿಜ್ಯ ಪ್ರದೇಶಕ್ಕೆ 5 ನಿಮಿಷದಲ್ಲಿ ಎರಡು ವಾಹನ, 8 ನಿಮಿಷದಲ್ಲಿ ಮೂರನೆಯದು, ಹಳ್ಳಿಗಾಡಿಗೆ 20 ನಿಮಿಷದಲ್ಲಿ ಒಂದು ಎಂಬ ನಿಯಮವಿತ್ತು. ಕಟ್ಟಡಗಳ ಬೆಲೆಯನ್ನು ಕಾಯುವ ಈ ನಿಯಮವು ಮನೆಗಳಲ್ಲಿ ರಾತ್ರಿ ಸಾಯುವವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂಬ ಆಕ್ಷೇಪಣೆ ಬಂದು, 2003-04ರಲ್ಲಿ ಅದನ್ನು ಕೈಬಿಟ್ಟು ಪ್ರತಿ ಪ್ರದೇಶವೂ ತನ್ನ ಅಪಾಯವನ್ನು ತಾನೇ ಅಳೆದು ಯೋಜನೆ ಮಾಡುವ ಪದ್ಧತಿಯನ್ನು ತರಲಾಯಿತು. ಭಾರತದಲ್ಲೂ ಬೆಂಕಿಯಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಾಸದ ಮನೆಗಳಲ್ಲೇ ಸಂಭವಿಸುತ್ತವೆ.

ವಾಹನ ಬೇಗ ಬಂದರೂ ಕಟ್ಟಡ ಸಿದ್ಧವಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ದುರಂತ ನಿದರ್ಶನ. 2010ರ ಫೆಬ್ರವರಿ 23ರಂದು ಅಲ್ಲಿ ವಿದ್ಯುತ್ ಡಕ್ಟ್‌ನಲ್ಲಿ ಕಾಣಿಸಿಕೊಂಡ ಬೆಂಕಿಯ ಹೊಗೆಯು ಮೇಲಂತಸ್ತುಗಳನ್ನು ತುಂಬಿ 9 ಮಂದಿ ಮೃತಪಟ್ಟರು. ಹೊಗೆ ತಾಳಲಾರದೆ ಕೆಳಕ್ಕೆ ಹಾರಿದವರೂ ಅವರಲ್ಲಿದ್ದರು. ಡಕ್ಟ್‌ಗಳನ್ನು ಪ್ರತಿ ಅಂತಸ್ತಿನಲ್ಲಿ ಮುಚ್ಚುವುದು, ಮೆಟ್ಟಿಲುಗಳನ್ನು ತೆರವಾಗಿಡುವುದು ಇವಕ್ಕೆ ಏಣಿ ವಾಹನದ ಬೆಲೆಯ ಅಲ್ಪಾಂಶವೂ ತಗಲುವುದಿಲ್ಲ. ಆದುದರಿಂದ ಕಟ್ಟಡ ತಪಾಸಣೆಗೆ ಬೇಕಾದ ಅಧಿಕಾರಿಗಳ ಸಂಖ್ಯೆಯನ್ನೂ ದೀರ್ಘಾವಧಿ ಯೋಜನೆಯಲ್ಲಿ ವಾಹನಗಳ ಸಂಖ್ಯೆಯ ಪಕ್ಕದಲ್ಲೇ ತೋರಿಸತಕ್ಕದ್ದು. ನಿರಾಕ್ಷೇಪಣಾ ಪತ್ರ ನೀಡಿದ ದಿನದ ಸ್ಥಿತಿಯೇ ಐದು ವರ್ಷಗಳ ನಂತರವೂ ಇರುತ್ತದೆಂದು ಭಾವಿಸಲಾಗದು.

ದಾಖಲೆ

ಮೇಲಿನ ಎಲ್ಲ ಲೆಕ್ಕಗಳಿಗೂ ಠಾಣೆಯ ಕರೆ ದಾಖಲೆಯೇ ಮೂಲ. ಕರೆ ಬಂದ, ವಾಹನ ಹೊರಟ, ಸ್ಥಳ ತಲುಪಿದ ಹಾಗೂ ನೀರು ಹಾಯಿಸಲು ಆರಂಭಿಸಿದ ವೇಳೆಗಳನ್ನು ಬೇರೆ ಬೇರೆಯಾಗಿ ನಮೂದಿಸಿದಲ್ಲಿ ಮಾತ್ರ ವಿಳಂಬ ಎಲ್ಲಾಯಿತೆಂದು ತಿಳಿಯುತ್ತದೆ. ಕಾರಣ ತಿಳಿಯದ ಕಡೆ ‘ವಿದ್ಯುತ್ ಶಾರ್ಟ್ ಸರ್ಕ್ಯೂಟ್’ ಎಂದು ಬರೆದುಬಿಡುವುದಕ್ಕಿಂತ ‘ತಿಳಿದುಬಂದಿಲ್ಲ’ ಎಂದು ಬರೆಯುವುದು ಯೋಜನೆಗೆ ಹೆಚ್ಚು ಉಪಯುಕ್ತ.

ಸಾರ್ವಜನಿಕರ ಗಮನಕ್ಕೆ: ತುರ್ತು ಸಂದರ್ಭದಲ್ಲಿ 101 ಅಥವಾ 112ಕ್ಕೆ ಕರೆ ಮಾಡಿದಾಗ ಊರಿನ ಹೆಸರಿನೊಂದಿಗೆ ಹೋಬಳಿ ಮತ್ತು ತಾಲ್ಲೂಕಿನ ಹೆಸರನ್ನೂ ತಿಳಿಸತಕ್ಕದ್ದು. ಹೊಸಹಳ್ಳಿ, ರಾಂಪುರ ಮುಂತಾದ ಹೆಸರಿನ ಗ್ರಾಮಗಳು ರಾಜ್ಯದಲ್ಲಿ ಹಲವು ಇರುತ್ತವೆ. ಸಾಧ್ಯವಿದ್ದಲ್ಲಿ ಒಬ್ಬರು ಮುಖ್ಯ ರಸ್ತೆಯ ತಿರುವಿನಲ್ಲಿ ನಿಂತು ವಾಹನಕ್ಕೆ ದಾರಿ ತೋರಿಸುವುದು.